ಕಿವಿಗುರುತು ಓದುವ ಸಿಗ್ನಿ

ಸಿಗ್ನಿಯನ್ನು ಒಂದು ಮಾತೂ ಕೇಳದೆ ಕಣಿವೆಯವರು ಅವಳ ಕೆಲಸವನ್ನು ಅವಳ ತಮ್ಮ ತೋರ್ಗಿಲ್ಸ್‌ಗೆ ಕೊಟ್ಟರು.

ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇಯ್ದ ಕುರಿಗಳು ಸೆಪ್ಟೆಂಬರಿನಲ್ಲಿ ಇಳಿದು ಬಂದಾಗ ನಮ್ಮ ಐಸ್‌ಲ್ಯಾಂಡ್ ಕಣಿವೆಯವರೆಲ್ಲ ಕಲ್ಲಿನ ದೊಡ್ಡಿಯಲ್ಲಿ ಸೇರುತ್ತೇವೆ. ಯಾವ ಕುರಿ ಯಾರದೆಂದು ಅದರ ಕಿವಿಯಲ್ಲಿ ಕತ್ತರಿಸಿದ ಗುರುತೇ ಹೇಳಬೇಕು. ಜಗಳವಾದರೆ ಸಿಗ್ನಿ ಬರುತ್ತಿದ್ದಳು. ಕಿವಿಯನ್ನು ಬೆರಳಲ್ಲಿ ಸವರಿ ಮನೆಯ ಹೆಸರು ಹೇಳುತ್ತಿದ್ದಳು. ಅವಳು ಹೇಳಿದ ಮೇಲೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳಿಗೆ ಲಿಂಫೋಮಾ ಬಂತು. ಅದು ದುಗ್ಧಗ್ರಂಥಿಗಳ ಕ್ಯಾನ್ಸರ್. ಕೀಮೋ ಚಿಕಿತ್ಸೆ ನಡೆಯುತ್ತಿದ್ದಾಗಲೇ ಮರೆವು ಶುರುವಾಯಿತು. ಬೇಸಿಗೆಯಲ್ಲಿ ಕೀಮೋ ಮುಗಿಯಿತು, ಮರೆವು ಮುಗಿಯಲಿಲ್ಲ. ಮೊದಲ ಮಂದೆ ಇಳಿದ ದಿನ ಸುತ್ತ ನಿಂತವರೆಲ್ಲ ಒಟ್ಟಿಗೆ ಕೂಗುತ್ತಿದ್ದಾಗ ಅವಳು ಒಂದು ಮರಿಯನ್ನು ತಪ್ಪಾಗಿ ಪಕ್ಕದ ಮನೆಯದೆಂದಳು. ಅಷ್ಟಕ್ಕೇ ಅವಳ ತಲೆ ಹೋಯಿತೆಂದು ಜನ ತೀರ್ಮಾನಿಸಿಬಿಟ್ಟರು.

ಆರೋಗ್ಯ ಕೇಂದ್ರದ ನರ್ಸ್ ಹಾಲ್ಬೇರಾ ಮನೆಗೆ ಬಂದಾಗ ಅಕ್ಕ, ತಮ್ಮ ಇಬ್ಬರೂ ಅಡುಗೆಮನೆಯಲ್ಲಿದ್ದರು.

"ಹೇಗಿದ್ದೀಯೇ?"

"ಮೊನ್ನೆ ಕಾಫಿಗೆ ಉಪ್ಪು ಹಾಕ್ದೆ," ಎಂದಳು ಸಿಗ್ನಿ. "ಇವನು ತೆಪ್ಪಗೆ ಕುಡಿದ್ನಲ್ಲ, ತಲೆ ಕೆಟ್ಟಿರೋದು ಯಾರಿಗೆ ಅಂತ ನೀನೇ ಹೇಳು."

ತೋರ್ಗಿಲ್ಸ್ ನಗಲಿಲ್ಲ. "ತಮಾಷೆ ಸಾಕು ಕಣೇ. ಹಾಲ್ಬೇರಾ, ಇದು ಮುದಿಮರೆವು ತಾನೆ? ದೊಡ್ಡೀಲಿ ಇವಳು ನಗೆಪಾಟಲಾಗೋದು ನನಗೆ ನೋಡಕ್ಕಾಗಲ್ಲ. ಮನೇಲಿರ್ಲಿ."

"ಯಾರಪ್ಪಾ ಹೇಳಿದ್ದು ಮುದಿಮರೆವು ಅಂತ? ಕೀಮೋ ತಗೊಂಡ ಎಷ್ಟೋ ಜನಕ್ಕೆ ಹೀಗಾಗತ್ತೆ. ಹೆಸರು ನೆನಪಿಗೆ ಬರಲ್ಲ, ಎರಡು ಕೆಲಸ ಒಟ್ಟಿಗೆ ನಡೆಯಲ್ಲ. ಕಾಯಿಲೆ, ಸುಸ್ತು, ನಿದ್ದೆಗೇಡು, ಚಿಂತೆ, ಎಲ್ಲಾ ಸೇರ್ಕೊಂಡಿರತ್ತೆ. ಹೆಚ್ಚಿನವರಿಗೆ ನಿಧಾನಕ್ಕೆ ಸರಿಹೋಗತ್ತೆ. ಕೆಲವರಿಗೆ ವರ್ಷಗಟ್ಟಲೆ ಉಳಿಯತ್ತೆ. ಡಾಕ್ಟರಿಗೆ ಹೇಳಿದ್ರಾ?"

"ನಾಚಿಕೆ ಆಯ್ತು," ಎಂದಳು ಸಿಗ್ನಿ, ಮೆಲ್ಲಗೆ.

ಹಾಲ್ಬೇರಾ ಅವಳ ಕೈ ಹಿಡಿದುಕೊಂಡಳು. "ಜ್ವರ ಬಂದ್ರೆ ಹೇಳ್ತೀಯಲ್ಲ, ಇದನ್ನೂ ಹಾಗೇ ಹೇಳ್ಬೇಕು. ಸೋಂಕಿನ ಭಯ ಕಳೀತು, ಕುರಿ ಮುಟ್ಟಬಹುದು ಅಂತ ಡಾಕ್ಟರು ಒಪ್ಪಿದ್ದಾರೆ. ತೋರ್ಗಿಲ್ಸ್, ಹೋಗು, ಒಂದು ಮರಿ ತಗೊಂಡು ಬಾ. ಒಂದೇ. ಬಾಯಿ ಮುಚ್ಕೊಂಡು."

ಅಂಗಳದಲ್ಲಿ ಸಿಗ್ನಿ ಕಣ್ಣು ಮುಚ್ಚಿ ಮರಿಯ ಕಿವಿ ಸವರಿದಳು. ತಮ್ಮನ ಬಾಯಿಗೆ ಮನೆಯ ಹೆಸರು ಬಂದೇಬಿಟ್ಟಿತ್ತು. ಹಾಲ್ಬೇರಾ ಅವನ ಕಾಲು ತುಳಿದಳು. ಕಾದರು. ಮರಿ ಒದ್ದಾಡಿ ಸುಮ್ಮನಾಯಿತು.

"ಹೊಳೆಯಾಚೆ ಮನೇದು," ಎಂದಳು ಸಿಗ್ನಿ. "ನಮ್ಮದ್ರಲ್ಲಿ ಸೇರ್ಕೊಂಡಿದೆ, ಕಳ್ಳ ಮರಿ. ವಾಪಸ್ ಕೊಡೋ."

ಅವಳು ಹೇಳಿದ್ದು ಸರಿಯಾಗಿತ್ತು. ತೋರ್ಗಿಲ್ಸ್ ಮರಿಯ ಉಣ್ಣೆಯಲ್ಲಿ ಮುಖ ಹುದುಗಿಸಿದ, ಆಮೇಲೆ ಅದನ್ನು ಹೆಗಲಿಗೇರಿಸಿಕೊಂಡು ಹೊಳೆಯಾಚೆಗೆ ಹೊರಟ.

ಓದುತ್ತಿರುವವರೇ, ಕೀಮೋ ಪಡೆದವರು ನಿಮ್ಮ ಮನೆಯಲ್ಲಿದ್ದರೆ ಅವರ ಮರೆವನ್ನು ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ಒಂದು ಸಲಕ್ಕೆ ಒಂದೇ ಮಾತು ಕೇಳಿ, ಉತ್ತರಕ್ಕೆ ಕಾಯಿರಿ. ನಿದ್ದೆಗೆ, ನಡಿಗೆಗೆ ಸಮಯ ಮಾಡಿಕೊಡಿ. ಬುದ್ಧಿ ದಿಢೀರನೆ ಗಲಿಬಿಲಿಯಾದರೆ, ಇಲ್ಲವೆ ಜ್ವರವೋ ಜೋರು ತಲೆನೋವೋ ಬಂದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಕೆಲಸ ಹಗುರ ಮಾಡಿ, ಕೈಜೋಡಿಸಿ; ಕಿತ್ತುಕೊಳ್ಳಬೇಡಿ. ಕರುಣೆಯ ಹೆಸರಲ್ಲಿ ಕಿತ್ತುಕೊಂಡರೂ ಅದು ಕಿತ್ತುಕೊಂಡದ್ದೇ.

ಉಳಿದ ಮಂದೆಗಳೂ ಇಳಿದು ಬಂದ ಮೇಲೆ, ದೊಡ್ಡ ವಿಂಗಡಣೆಯ ದಿನ ದೊಡ್ಡಿಯ ತುಂಬ ಕುರಿ, ನಾಯಿ, ಹಾಡು. ಕಣಿವೆಯ ಹಿರಿಯ ಎಯ್ವಿಂದುರ್ ಗೋಡೆಯ ಮೇಲಿಂದ ಕೂಗಿದ: "ಸಿಗ್ನಿ, ನೀನು ಕಾಫಿ ಕೊಡೋ ಕಡೆ ಹೋಗಮ್ಮಾ. ತೋರ್ಗಿಲ್ಸ್, ಬಾರೋ, ನಿನ್ನ ಜಾಗದಲ್ಲಿ ನಿಲ್ಲು!"

ತೋರ್ಗಿಲ್ಸ್ ಒಂದು ಮರಿಯನ್ನು, ಒಂದನ್ನೇ, ಅಕ್ಕನ ಮುಂದೆ ತಂದು ನಿಲ್ಲಿಸಿದ.

"ನಿಲ್ಲಲ್ಲ," ಎಂದ. "ಅದು ನಮ್ಮಕ್ಕನ ಜಾಗ. ನೀವೆಲ್ಲ ಸ್ವಲ್ಪ ಸುಮ್ನಿರಿ."