ಗುರುತಿಲ್ಲದ ಆರು ನೂರು ಅಂಗಿ

ಅಂಗಿಯ ಕಾಲರಿನ ಒಳಮಗ್ಗುಲಲ್ಲಿ ಗುರುತು ಹಾಕಬೇಕೇ, ಬೇಡವೇ ಎಂಬುದು ಆ ಊರನ್ನು ಎರಡು ಪಾಳಯ ಮಾಡಿದ ಪ್ರಶ್ನೆ. ಇದರ ಮುಂದೆ ರಸ್ತೆ ಅಗಲ ಮಾಡುವ ವಿಚಾರ, ನೀರಿನ ಕೊಳವೆಯ ವಿಚಾರಗಳೆಲ್ಲ ಸಣ್ಣವು. ಅವನ್ನು ಬೇರೆ ಯಾರಾದರೂ ಬರೆದಾರು. ಒಂದು ಪಾಳಯದಲ್ಲಿ ಇಸ್ತ್ರಿಯವನೊಬ್ಬನೇ ಇದ್ದ. ಇನ್ನೊಂದರಲ್ಲಿ ಅವನ ಹೆಂಡತಿ, ಅವಳ ತಮ್ಮ, ಜೊತೆಗೆ ಬದಲಾದ ಕಾಲ.

ಇಸ್ತ್ರಿಯವನು ಇಪ್ಪತ್ತೆರಡು ವರ್ಷಗಳಿಂದ ಯಾವ ಬಟ್ಟೆಗೂ ಗುರುತು ಹಾಕಿದವನಲ್ಲ. ನೂಲಿನ ಗಂಟಿಲ್ಲ, ಶಾಯಿಯ ಚುಕ್ಕೆಯಿಲ್ಲ, ಚೀಟಿಯಿಲ್ಲ. ಅಂಗಿಯನ್ನು ಹಲಗೆಯ ಮೇಲೆ ಹರಡಿ ಒಮ್ಮೆ ಅಂಗೈ ಆಡಿಸಿದರೆ ಸಾಕು, ಅದು ಯಾರದೆಂದು ಹೇಳುತ್ತಿದ್ದ.

"ಹೆತ್ತ ತಾಯಿ ಮಕ್ಕಳ ಹಣೆ ಮೇಲೆ ನಂಬರ್ ಬರೀತಾಳಾ?" ಎಂಬುದು ಅವನ ಪ್ರಶ್ನೆ.

"ಹೆತ್ತೋಳಿಗೆ ಆರು ನೂರು ಮಕ್ಕಳಿರಲ್ಲ ರೀ" ಎಂಬುದು ಹೆಂಡತಿಯ ಉತ್ತರ.

ಆರು ನೂರು ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ಮಹಾನಗರದ ಸೆರಗು ಹಿಡಿದುಕೊಂಡು ನಿಂತಿದ್ದ ಊರು ಅದು. ಮೊದಲೆಲ್ಲ ಬಸ್ಸುಗಳು ಅಲ್ಲಿ ನಿಲ್ಲುತ್ತಿದ್ದುದು ಇಂಜಿನ್ನಿಗೆ ನೀರು ಕುಡಿಸಲು ಮಾತ್ರ. ಆಮೇಲೆ ಯಾರಿಗೆ ಏನು ಹೊಳೆಯಿತೋ, ಒಂದು ಗಾಜಿನ ಕಟ್ಟಡ ಎದ್ದಿತು. ಅದಕ್ಕೆ ಒಂಟಿತನ ಕಾಡಬಾರದೆಂದು ಇನ್ನೂ ಹದಿನೆಂಟು ಎದ್ದವು. ಹಲ್ಲುಜ್ಜುತ್ತ ಬಿಸಿಲಿಗೆ ನಿಂತವನು ಬಾಯಿ ಮುಕ್ಕಳಿಸುವಷ್ಟರಲ್ಲಿ ನೆರಳಿನಲ್ಲಿರುತ್ತಿದ್ದ. ಊರಿನವರು ಕೆಲಸ ಹುಡುಕಿಕೊಂಡು ನಗರಕ್ಕೆ ಹೋಗುತ್ತಿದ್ದ ಕಾಲ ತಿರುಗುಮುರುಗಾಗಿ, ನಗರದವರೇ ದಿನಬೆಳಗಾದರೆ ಇಲ್ಲಿಗೆ ಬಂದು ಇಳಿಯತೊಡಗಿದರು.

ಇಸ್ತ್ರಿಯವನ ಹಳೆಯ ಗಿರಾಕಿಗಳು ಮನೆ ಮಾರಿ, ಮಾರಿದ ಸಂತೋಷದಲ್ಲಿ ದಿಕ್ಕಿಗೊಬ್ಬರಾದರು. ಅವನಿಗೆ ಉಳಿದದ್ದು ಎಲ್ಲಕ್ಕಿಂತ ಎತ್ತರದ ಕಟ್ಟಡದ ಒಂದು ಕಂಪನಿ. ಅಲ್ಲಿ ಮೇಲಿನವರು ಕೆಳಗಿನವರು ಎಂಬ ಭೇದವಿಲ್ಲವೆಂದು ಸಾರಲು ಎಲ್ಲರಿಗೂ ಒಂದೇ ತಿಳಿನೀಲಿ ಅಂಗಿ ಕೊಟ್ಟಿದ್ದರು. ಮೇಲಿನ ಮಹಡಿಯ ಅಧಿಕಾರಿಗಳ ಅಂಗಿಗಳನ್ನು ಅವನು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಈಗ ಕಂಪನಿ, ಎಲ್ಲ ಮಹಡಿಗಳ ಆರು ನೂರು ಅಂಗಿಗಳನ್ನೂ ಒಬ್ಬರಿಗೇ ಕೊಡುವುದೆಂದು ತೀರ್ಮಾನಿಸಿತು. ಆ ಒಬ್ಬ ತಾನಾಗದಿದ್ದರೆ ಕೈಯಲ್ಲಿರುವ ಮಹಡಿಯೂ ಹೋಗಿ ಅಂಗಡಿಗೆ ಬೀಗ ಬೀಳುತ್ತದೆಂದು ಇಸ್ತ್ರಿಯವನಿಗೆ ಚೆನ್ನಾಗಿ ಗೊತ್ತಿತ್ತು.

ಎದುರಾಳಿ ದೂರದವನೇನಲ್ಲ, ಹೆಂಡತಿಯ ತಮ್ಮನೇ. ರಸ್ತೆಯ ಆಚೆ ಬದಿಗೆ ಯಂತ್ರದ ಲಾಂಡ್ರಿ ತೆರೆದು, ಪ್ರತಿ ಬಟ್ಟೆಗೂ ಒಂದು ನಂಬರಿನ ಸ್ಟಿಕ್ಕರ್ ಅಂಟಿಸುತ್ತಿದ್ದ.

"ಭಾವ, ಹಟ ಬಿಡಿ. ಸ್ಟಿಕ್ಕರ್ ನಾನೇ ಕೊಡ್ತೀನಿ, ನೀವೂ ಅಂಟಿಸಿ."

"ಮೊದಲು ನಿನ್ನ ಬಾಯಿಗೆ ಒಂದು ಅಂಟಿಸ್ಕೋ."

"ನೋಡಕ್ಕ, ಹೇಗೆ ಮಾತಾಡ್ತಾರೆ."

"ನನ್ನ ಯಾಕೋ ಮಧ್ಯಕ್ಕೆ ಎಳೀತೀಯ? ನೀನೂ ನನ್ನೋನೇ, ಅವರೂ ನನ್ನೋರೇ. ಬುದ್ಧಿ ಮಾತ್ರ ಇಬ್ಬರದ್ದೂ ಎಲ್ಲಿಂದ ಬಂತೋ ಗೊತ್ತಿಲ್ಲ."

ಕಂಪನಿಯ ಆಡಳಿತ ನೋಡಿಕೊಳ್ಳುವ ಮೇಡಂ ಇಬ್ಬರನ್ನೂ ಕರೆಸಿದರು. ಗುರುತಿಲ್ಲದಿದ್ದರೆ ಅಂಗಿಗಳು ಅದಲುಬದಲಾಗುವುದಿಲ್ಲವೇ ಎಂದು ಕೇಳಿದರು.

"ಪರೀಕ್ಷೆ ಇಡಿ ಮೇಡಂ" ಎಂದ ಇಸ್ತ್ರಿಯವನು. "ಒಂದು ತಪ್ಪಿದರೂ ಇಸ್ತ್ರಿ ಪೆಟ್ಟಿಗೆ ಇವನ ಅಂಗಡಿಲೇ ಇಟ್ಟು ಹೋಗ್ತೀನಿ."

ಶುಕ್ರವಾರ ಮಧ್ಯಾಹ್ನ ಸಭೆಯ ಕೋಣೆಯ ಉದ್ದ ಮೇಜಿನ ಮೇಲೆ, ಒಗೆದು ಒಣಗಿಸಿದ ಹನ್ನೆರಡು ಅಂಗಿಗಳನ್ನು ಹರಡಿದರು. ಅವುಗಳ ಒಡೆಯರಾದ ಹನ್ನೆರಡು ಅಧಿಕಾರಿಗಳು ಗೋಡೆಯುದ್ದಕ್ಕೂ ಕುಳಿತರು. ನಡುವೆ ದೊಡ್ಡ ಸಾಹೇಬರು. ಊಟ ಮುಗಿದಿತ್ತು, ಎಲ್ಲರೂ ತಮಾಷೆಗೆ ಸಿದ್ಧರಾಗಿದ್ದರು.

ಇಸ್ತ್ರಿಯವನು ಮೊದಲ ಅಂಗಿಯ ಮೇಲೆ ಕೈಯಾಡಿಸಿದ. "ಇದು ಆ ಕನ್ನಡಕದ ಸಾರ್‌ದು."

"ಹೇಗೆ ಹೇಳ್ತೀರಿ?" ಎಂದರು ಮೇಡಂ.

"ಎಡ ಮೊಣಕೈ ಒಂದೇ ಸವೆದಿದೆ. ಕೆನ್ನೆಗೆ ಕೈ ಕೊಟ್ಟು ನಿದ್ದೆ ಮಾಡ್ತಾರೆ. ಬಲಗೈ ಮೌಸ್ ಮೇಲಿರುತ್ತೆ, ನೋಡಿದೋರಿಗೆ ಗೊತ್ತಾಗಲ್ಲ."

ಕೋಣೆಯಲ್ಲಿ ನಗು ಹೊರಳಾಡಿತು. ಕನ್ನಡಕದವರೂ ನಕ್ಕರು, ಸ್ವಲ್ಪ ತಡವಾಗಿ.

"ಇದು ಬಾಗಿಲ ಹತ್ತಿರ ಕೂತಿರೋ ಸಾರ್‌ದು. ಕಾಲರ್ ಮಡಿಕೆಯ ಒಳಗೆ ಟೈ ಉಜ್ಜಿದ ಗೆರೆ ಇದೆ. ಇಲ್ಲಿ ಯಾರೂ ಟೈ ಕಟ್ಟಲ್ಲ. ಸಾರ್ ತಿಂಗಳಿಗೆರಡು ಸಲ ಕಟ್ಕೊಂಡು ಬೇರೆ ಎಲ್ಲಿಗೋ ಹೋಗ್ಬರ್ತಾರೆ."

ಆ ಊರಿನಲ್ಲಿ ಟೈ ಕಟ್ಟಿಕೊಂಡು ಹೋಗುವ ಜಾಗ ಒಂದೇ: ಪಕ್ಕದ ಕಟ್ಟಡದ ಕಂಪನಿಯ ಸಂದರ್ಶನ. ಈ ಸಲದ ನಗು ಅರ್ಧ ದಾರಿಯಲ್ಲೇ ನಿಂತಿತು. ದೊಡ್ಡ ಸಾಹೇಬರು ಬಾಗಿಲ ಕಡೆ ನೋಡಿದರು. ಬಾಗಿಲ ಹತ್ತಿರದವರು ಕಿಟಕಿಯ ಕಡೆ ನೋಡಿದರು.

ಅಂಗಿಗಳ ಗಂಟು ಹೊತ್ತು ಬಂದಿದ್ದ ಹೆಂಡತಿ ಗಂಡನ ಕಾಲು ತುಳಿದಳು. ಜಾಗ ಸಾಲದೆ ತುಳಿದಳೆಂದುಕೊಂಡು ಅವನು ಸರಿದು ನಿಂತ. ತನ್ನ ವಿದ್ಯೆಗೆ ಸಭೆ ತಲೆದೂಗಿ ಮೌನವಾಗಿದೆಯೆಂದೇ ಅವನ ನಂಬಿಕೆ. ಇನ್ನೂ ಒಂಬತ್ತು ಅಂಗಿಗಳು ಹಾಗೇ ಮುಗಿದವು. ಆ ಹೊತ್ತಿಗೆ ಒಬ್ಬರು ತೋಳು ಮಡಚಿಕೊಂಡಿದ್ದರು, ಇಬ್ಬರು ಕಾಲರಿನ ಮೇಲೆ ಕೈಯಿಟ್ಟುಕೊಂಡಿದ್ದರು.

ಹನ್ನೆರಡನೆಯದನ್ನು ಅವನು ಎರಡೂ ಕೈಯಲ್ಲಿ ಗೌರವದಿಂದ ಎತ್ತಿದ.

"ಇದು ದೊಡ್ಡ ಸಾಹೇಬರದೇ. ಬೆನ್ನು ಪೂರ್ತಿ ಸವೆದಿದೆ, ತೋಳಿನ ತುದಿ ಅಂಗಡಿಯಿಂದ ತಂದ ಹಾಗೇ ಇದೆ. ಕುರ್ಚಿಗೆ ಒರಗಿದ್ದೇ ಹೆಚ್ಚು, ಕೈ ಮೇಜಿನ ಮೇಲೆ ಬಂದೇ ಇಲ್ಲ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕಾಲರ್ ಹಿಂದೆ ಕಪ್ಪು ಇದೆ ನೋಡಿ, ಅದು ಕೊಳೆ ಅಲ್ಲ ಸಾರ್, ತಲೆಗೆ ಹಚ್ಚೋ ಬಣ್ಣ. ಅದನ್ನ ನಾನು ನಿಂಬೆಹಣ್ಣು ಉಜ್ಜಿ ತೆಗೀತೀನಿ. ಯಂತ್ರಕ್ಕೆ ಅದೆಲ್ಲ ಬರಲ್ಲ."

ಹನ್ನೊಂದು ಜೊತೆ ಕಣ್ಣುಗಳು ದೊಡ್ಡ ಸಾಹೇಬರ ಕೂದಲಿನ ಮೇಲೆ ಹೋಗಿ ಕುಳಿತು, ತಪ್ಪಿನ ಅರಿವಾಗಿ ಎದ್ದುಬಂದವು.

"ಹನ್ನೆರಡಕ್ಕೆ ಹನ್ನೆರಡೂ ಸರಿ" ಎಂದರು ಮೇಡಂ, ಸತ್ತವರ ಸುದ್ದಿ ಹೇಳುವ ದನಿಯಲ್ಲಿ.

ದೊಡ್ಡ ಸಾಹೇಬರು ಮೂಲೆಯಲ್ಲಿ ನಿಂತಿದ್ದ ಭಾವಮೈದುನನ ಕಡೆ ತಿರುಗಿದರು. "ನೀವು ಹೇಳಿ. ಅಂಗಿ ನೋಡಿದರೆ ನಿಮಗೇನು ಗೊತ್ತಾಗುತ್ತೆ?"

"ನಂಬರು ಸಾರ್."

"ಬೇರೆ?"

"ಬೇರೆ ಏನೂ ಗೊತ್ತಾಗಲ್ಲ ಸಾರ್."

"ಖಂಡಿತ?"

"ನಮ್ಮಕ್ಕನಾಣೆ."

ಆರು ನೂರು ಅಂಗಿಗಳ ಕೆಲಸ ಸೋಮವಾರದಿಂದ ಎದುರಂಗಡಿಗೆ ಹೋಯಿತು.