ಫ್ರಿಜ್ ಮೇಲಿನ ಬಂಜಾರ್ ಮಾತುಗಳು

ಶುಕ್ರವಾರ ಕಳಿಸಿದ ಆ ಮೇಲ್ ಸೆಂಟ್ ಫೋಲ್ಡರಿನಲ್ಲಿತ್ತು. ಕುಟುಂಬದ ಕಾರಣಗಳಿಂದ ಈ ಕೆಲಸ ಒಪ್ಪಿಕೊಳ್ಳಲು ಆಗುತ್ತಿಲ್ಲ, ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಪದ್ಮಜಾ ಎಂದು ಹಾಕಿತ್ತು. ಪದ್ಮಜಾ ಅದನ್ನು ಬರೆದಿರಲಿಲ್ಲ.

ಗಂಡ ಹೆಂಡತಿಗೆ ಒಂದೇ ಇಮೇಲ್, ಇಬ್ಬರ ಹೆಸರನ್ನೂ ಸೇರಿಸಿ ಮಾಡಿಕೊಂಡದ್ದು. ಅಮೆರಿಕದ ಈ ವೆಸ್ಟ್ ಬ್ಲೂಮ್‌ಫೀಲ್ಡಿನ ಎಷ್ಟೋ ಕನ್ನಡದ ಮನೆಗಳಲ್ಲಿ ಹೀಗೇ. ಮದುವೆ ಕರೆಯೋಲೆ, ಕರೆಂಟ್ ಬಿಲ್ಲು, ಕನ್ನಡ ಕೂಟದ ಪಾಟ್‌ಲಕ್ ಊಟಕ್ಕೆ ಯಾರು ಏನು ತರಬೇಕೆಂಬ ಪಟ್ಟಿ ಎಲ್ಲ ಒಂದೇ ಕಡೆ ಬಂದು ಬೀಳುತ್ತವೆ. ಇದರಲ್ಲೇನೋ ತಪ್ಪಿದೆ ಎಂದು, ಆ ಇಮೇಲ್ ಮಾಡಿಕೊಂಡ ಹನ್ನೆರಡು ವರ್ಷದಲ್ಲಿ ಅವಳಿಗೂ ಅನಿಸಿರಲಿಲ್ಲ. ಈಗ ಮೈಯೆಲ್ಲ ಉರಿಯಿತು.

"ರೀ, ಇದನ್ನ ನೀವು ಬರೆದ್ರಾ?"

ಶೇಷಗಿರಿ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಬೇಡ ಅನ್ನೋಕೆ ನಿನಗೆ ಸಂಕೋಚ ಆಗುತ್ತೆ ಅಂತ ನಾನೇ ಬರೆದೆ ಪದ್ಮಾ. ಆ ಕಾಡಲ್ಲಿ ನೀನೊಬ್ಳೇ ಏನು ಮಾಡ್ತೀಯ? ಇಲ್ಲೇ ಏನಾದ್ರೂ ಸಿಗುತ್ತೆ."

ಸಿಗುತ್ತಂತೆ! ೨೦೦೯ನೇ ಇಸವಿ, ಕಾರಿನ ಪ್ಲಾಂಟುಗಳು ಬಾಗಿಲು ಹಾಕುತ್ತಿದ್ದ ಕಾಲ. ಇಬ್ಬರ ಕೆಲಸವೂ ಹೋಗಿ ಎಂಟು ತಿಂಗಳಾಗಿತ್ತು. ಕೂಟದವರಿಗೆಲ್ಲ "ಕನ್ಸಲ್ಟಿಂಗ್ ಮಾಡ್ತಿದೀನಿ" ಎಂದು ಹೇಳಿಕೊಂಡು ಅವನು ದಿನಾ ಇಸ್ತ್ರಿ ಶರ್ಟು ಹಾಕಿ ಲೈಬ್ರರಿಯಲ್ಲಿ ಕೂತು ಬರುತ್ತಿದ್ದ. ಅವಳು ಎಲ್ಲಿಯಾದರೂ ಸರಿ ಎಂದು ಅಪ್ಲೈ ಮಾಡಿ, ಇಂಡೋನೇಷ್ಯಾದ ಬಂಜಾರ್‌ಮಾಸಿನ್ ಊರಿನ ಹತ್ತಿರ ಗಣಿ ಲಾರಿಗಳ ಗೇರ್‌ಬಾಕ್ಸ್ ನೋಡಿಕೊಳ್ಳುವ ಎರಡು ವರ್ಷದ ಕೆಲಸ ಗಿಟ್ಟಿಸಿದ್ದಳು. ಒಪ್ಪಿಗೆ ತಿಳಿಸಲು ಸೋಮವಾರ ಕೊನೆಯ ದಿನ.

ಅಲ್ಲಿನ ವರ್ಕ್‌ಶಾಪಿನ ಮುಖ್ಯಸ್ಥ ರುಸ್ಲಿ ಇಂಟರ್‌ವ್ಯೂನಲ್ಲಿ ಒಂದು ಮಾತು ಹೇಳಿದ್ದ. ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮ ಮೆಕ್ಯಾನಿಕ್‌ಗಳು ಎಲ್ಲ ಸರಿಯಿದೆ ಅಂತಾರೆ, ನಮ್ಮ ಬಂಜಾರ್ ಭಾಷೆಯಲ್ಲಿ ಕೇಳಿದರೆ ಯಾವ ಗೇರಿನ ಹಲ್ಲು ಮುರಿದಿದೆ ಅಂತ ತೋರಿಸ್ತಾರೆ. ಅವತ್ತೇ ಅವಳು ಪ್ರವಾಸಿಗರಿಗಾಗಿ ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ್ದ ದಿನಬಳಕೆಯ ಬಂಜಾರ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಚೀಟಿಗಳಿಗಿಳಿಸಿ, ಮ್ಯಾಗ್ನೆಟ್ ಹಚ್ಚಿ ಫ್ರಿಜ್ಜಿಗೆ ಸಿಕ್ಕಿಸಿದಳು. ಅಪಾ ಹಬರ್, ಹೇಗಿದ್ದೀರಿ. ಉಲುನ್, ನಾನು. ಕಾದಾ, ಇಲ್ಲ. ಒಗ್ಗರಣೆ ಹಾಕುವಾಗಲೂ ಬಾಯಿಪಾಠ. "ಲಂಬಾಣಿ ಭಾಷೆ ಯಾಕೆ ಕಲೀತಿದೀಯ?" ಎಂದು ಶೇಷಗಿರಿ ನಕ್ಕಿದ್ದ.

"ಇಂಚರ, ಫೋನ್ ಕೊಡೇ."

ಹದಿನಾರರ ಮಗಳು ಕಾರ್ಡ್‌ಲೆಸ್ ತಂದು ಕೈಗಿಟ್ಟಳು. "ಕಾಲ್ ದೆಮ್, ಅಮ್ಮಾ."

"ಈಗೇನಂತ ಹೇಳ್ತೀಯ? ನನ್ನ ಮರ್ಯಾದೆ ಏನಾಗ್ಬೇಕು?" ಶೇಷಗಿರಿ ಎದ್ದು ನಿಂತ.

"ನಿಮ್ಮ ಮರ್ಯಾದೆ ಎಂಟು ತಿಂಗಳು ಕಾದೆ. ಸಾಕು."

ಇಲ್ಲಿ ಭಾನುವಾರ ಸಂಜೆ ಎಂಟು, ಹೊರಗಿನ್ನೂ ಜೂನಿನ ಬೆಳಕು. ಅಲ್ಲಿ ಸೋಮವಾರ ಬೆಳಗಿನ ಎಂಟು. ರುಸ್ಲಿಯೇ ಫೋನ್ ಎತ್ತಿದ. ಪದ್ಮಜಾ ಸ್ಪೀಕರ್ ಒತ್ತಿ "ಅಪಾ ಹಬರ್" ಎಂದಳು. ಅವನು ಇಂಗ್ಲಿಷಿನಲ್ಲಿ, ನೀವು ಬರೋದಿಲ್ಲ ಅಂತ ಬರೆದಿದ್ದೀರಲ್ಲ, ಹತ್ತು ಗಂಟೆಗೆ ಆಫೀಸಿನವರು ಇನ್ನೊಬ್ಬರನ್ನು ಇಂಟರ್‌ವ್ಯೂಗೆ ಕರೆದಿದ್ದಾರೆ ಎಂದ.

"ಕಾದಾ," ಎಂದಳು. "ಉಲುನ್ ಹಂದಕ್ ದತಂಗ್." ನಾನು ಬರಬೇಕು. ಉಳಿದದ್ದನ್ನು ಗಂಡನನ್ನು ನೋಡಿಕೊಂಡೇ ಇಂಗ್ಲಿಷಿನಲ್ಲಿ ಹೇಳಿದಳು. "ಅದನ್ನ ಬರೆದಿದ್ದು ನನ್ನ ಗಂಡ. ನನ್ನ ಕೇಳದೆ."

ಮನೆಯ ಮಾತನ್ನು ಅವಳು ಹೊರಗಿನವರ ಮುಂದೆ ಆಡಿದ್ದು ಮದುವೆಯಾದ ಮೇಲೆ ಇದೇ ಮೊದಲು. ಆಡಿದ ಮೇಲೆ ಹಗುರವೆನಿಸಿತು. ಶೇಷಗಿರಿ ಟೀವಿ ಆರಿಸಿದ.

"ಹತ್ತರೊಳಗೆ ಬರೆದು ಕಳಿಸಿ," ಎಂದ ರುಸ್ಲಿ. "ಬೇರೆ ಇಮೇಲಿಂದ."

ಕಂಪ್ಯೂಟರ್ ಮುಂದೆ ಕೂತು ಬರೀ ತನ್ನ ಹೆಸರಿನ ಇಮೇಲ್ ಮಾಡಿದಳು. ಶೇಷಗಿರಿ ಹಿಂದೆ ಬಂದು ನಿಂತ.

"ಪಾಸ್‌ವರ್ಡ್ ಏನಿಟ್ಟೆ?"

ಪದ್ಮಜಾ ಕೀಬೋರ್ಡಿನ ಮೇಲೆ ಅಂಗೈ ಮುಚ್ಚಿ ಹಿಡಿದಳು. ಅವನು ಅತ್ತ ಹೋಗುವವರೆಗೂ ತೆಗೆಯಲಿಲ್ಲ.

ಫ್ರಿಜ್ಜಿನ ಹತ್ತಿರ ಅವನು ಒಂದು ಚೀಟಿ ಕಿತ್ತು ತಡವರಿಸುತ್ತಾ ಓದಿದ. "ಪಿಯನ್ ಹಂದಕ್ ಕಮಾನ. ಹಂಗಂದ್ರೇನು?"

"ಎಲ್ಲಿಗೆ ಹೊರಟ್ರಿ ಅಂತ," ಎಂದಳು ಅವಳು ತಿರುಗದೆ, ಮತ್ತು ಸೆಂಡ್ ಒತ್ತಿದಳು.

ಅವನು ಚೀಟಿಯನ್ನು ಮತ್ತೆ ಅದೇ ಮ್ಯಾಗ್ನೆಟ್ಟಿಗೆ ಸಿಕ್ಕಿಸಿ, ಆರಿಹೋಗಿದ್ದ ಸಾರನ್ನು ಒಲೆಯ ಮೇಲಿಟ್ಟ. ಯಾವ ನಾಬು ತಿರುಗಿಸಬೇಕೆಂದು ಹುಡುಕುತ್ತಾ ನಿಂತ.