ತೆಗೆಯದೆ ಬಿಟ್ಟ ನಳಿಕೆ

ಯಶೋಧರಾ ಬಸ್ ಕಂಡಕ್ಟರ್. ವಿಜಯಪುರದಿಂದ ಒಮ್ಮೆ ತಿಕೋಟಾಕ್ಕೆ, ಒಮ್ಮೆ ಬಬಲೇಶ್ವರಕ್ಕೆ ಅವಳ ಬಸ್ಸು ಹೋಗಿಬರುತ್ತಿತ್ತು. ಸೊಲ್ಲಾಪುರ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಮೂತ್ರಪಿಂಡದ ಹರಳು ತೆಗೆಸಿಕೊಂಡು ಹದಿನಾರು ತಿಂಗಳಾಗಿತ್ತು. ಆಗ ಮತ್ತೆ ಬೆನ್ನು ಸೀಳುವಂಥ ನೋವು, ಮೂತ್ರದಲ್ಲಿ ರಕ್ತ. ಬೇರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಗೊತ್ತಾಯಿತು: ಮೂತ್ರನಾಳದಲ್ಲಿ ಇಟ್ಟಿದ್ದ ಸ್ಟೆಂಟ್ ಎಂಬ ಸಣ್ಣ ನಳಿಕೆ ಒಳಗೇ ಉಳಿದು, ಅದರ ಸುತ್ತ ಹರಳು ಕಟ್ಟಿತ್ತು.

“ಇದನ್ನ ಎರಡ್ಮೂರು ವಾರಕ್ಕ ತಗೀಬೇಕಿತ್ತವಾ. ಭಾಳಂದ್ರ ಮೂರು ತಿಂಗಳು,” ಎಂದರು ಅಲ್ಲಿನ ಡಾಕ್ಟರು. ಎರಡು ಸಲ ಆಪರೇಷನ್ ಆಯಿತು. ನಳಿಕೆ ಹೊರಬಂತು, ಆದರೆ ಬಲಗಡೆಯ ಮೂತ್ರಪಿಂಡ ಚೇತರಿಸಿಕೊಳ್ಳಲಿಲ್ಲ.

ಅವಳು ಮೊದಲು ಹರಳು ತೆಗೆದಿದ್ದ ಡಾಕ್ಟರ ಮುಂದೆ ಹೋಗಿ ನಿಂತಳು. “ಒಳಗ ನಳಗಿ ಇಟ್ಟೇವಂತ ಯಾಕ ಹೇಳಲಿಲ್ರಿ?”

ಆತ ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಬಾಯಿಲೆ ಹೇಳಿದ್ವಿ. ನೀನ ಮರತಿ. ನಿಮ್ಮಂಥವ್ರಿಗೆ ಎಷ್ಟ ಹೇಳಿದ್ರೂ ಅಷ್ಟ.”

ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ನಳಿಕೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ‘ನಿಮ್ಮಂಥವರು’ ಎಂಬ ಮಾತು ಅವಳಿಗೆ ಹೊಲಿಗೆಗಿಂತ ಹೆಚ್ಚು ಉರಿಯಿತು. ಇವನನ್ನು ಬಿಡಬಾರದು ಎಂದುಕೊಂಡೇ ಮೆಟ್ಟಿಲಿಳಿದಳು.

ಕೆಲಸಕ್ಕೆ ಮರಳಿದ ದಿನದಿಂದಲೇ ಶುರುಮಾಡಿದಳು. ಆ ಆಸ್ಪತ್ರೆಯ ಫೈಲು ಹಿಡಿದು ಹತ್ತಿದವರಿಗೆಲ್ಲ ಟಿಕೆಟ್ ಹರಿದುಕೊಡುತ್ತಲೇ, ಇಡೀ ಬಸ್ಸಿಗೆ ಕೇಳುವಂತೆ ಕೇಳುತ್ತಿದ್ದಳು: “ಕಿಡ್ನ್ಯಾಗಿನ ಹರಳ ತಗಿಸೀರೇನ್ರಿ? ಒಳಗಿನ ನಳಗಿ ತಗದಾರೇನು? ಆ ಡಾಕ್ಟರ್ ನಂದು ಹಂಗ ಬಿಟ್ಟು ಕಿಡ್ನಿ ಕೆಡಿಸ್ಯಾನ.”

ತಿಂಗಳೊಳಗೆ ನಳಿಕೆ ಒಳಗೇ ಉಳಿದವರು ಮೂವರು ಸಿಕ್ಕರು. ತಿಕೋಟಾದ ಸಾವಂತ್ರವ್ವನ ಹೊಟ್ಟೆಯಲ್ಲಿ ಎಂಟು ತಿಂಗಳಿಂದ ನಳಿಕೆಯಿತ್ತು. ಬೇರೆ ಕಡೆ ತೆಗೆಸಿಕೊಂಡು ಬಂದ ಆಕೆ ಯಶೋಧರಾಳ ಕೈ ಹಿಡಿದು, “ನನ್ನ ಜೀವ ಉಳಿಸಿದಿ ತಂಗಿ,” ಎಂದು ಅತ್ತಳು.

“ನಿನ್ನ ಸಲುವಾಗಿ ಮಾಡಿಲ್ಲಬೇ ಯಕ್ಕಾ. ಅವನ ಹೆಸರು ಮಣ್ಣಾಗ್ಬೇಕಂತ ಮಾಡೀನಿ,” ಎಂದಳು ಯಶೋಧರಾ. ಅದು ನಿಜವೇ ಆಗಿತ್ತು.

ಸುದ್ದಿ ಹಬ್ಬಿ ಆಸ್ಪತ್ರೆ ಖಾಲಿಯಾಗತೊಡಗಿತು. ಹೆದರಿದ ಡಾಕ್ಟರು ಹಳೆಯ ರೋಗಿಗಳಿಗೆಲ್ಲ ಫೋನು ಮಾಡಿಸಿದರು. ಬಬಲೇಶ್ವರದ ನಿಲ್ದಾಣದಲ್ಲಿ ಬಸ್ಸು ನಿಂತಿದ್ದಾಗ ಅವಳಿಗೂ ಕರೆ ಬಂತು.

“ಯಶೋಧರಾ ಅವ್ರೇನ್ರಿ? ನಿಮ್ಮ ಸ್ಟೆಂಟ್ ತಗಿಸೀರೇನ್ರಿ?” ಹುಡುಗಿಯೊಬ್ಬಳು ಪಟ್ಟಿ ನೋಡಿ ಕೇಳಿದಳು.

“ಫೋನ್ ಡಾಕ್ಟರ್ ಕಡೆ ಕೊಡ್ರಿ.” ಯಶೋಧರಾ ಸ್ಪೀಕರ್ ಹಾಕಿದಳು. ಸೀಟಿನಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

“ಆಗಿದ್ದು ಆಗೇತಿ. ಇನ್ನ ಸಾಕ ಮಾಡ್ರಿ ಬಾಯಾರ,” ಡಾಕ್ಟರ ದನಿ ಬಂತು.

“ನನಗ ಹೇಳಿದ್ರೋ, ಇಲ್ಲೋ?”

“ಹೇಳಿದ್ದಿಲ್ಲ,” ಆತ ದನಿ ತಗ್ಗಿಸಿ ಎಂದ.

“ಇನ್ನೊಮ್ಮೆ ಅನ್ರಿ. ಹಿಂದಿನ ಸೀಟಿನವ್ರಿಗೆ ಕೇಳವಲ್ದು.”

“ಹೇಳಿದ್ದಿಲ್ಲ. ನಮ್ದ ತಪ್ಪು.”

ಅಷ್ಟಕ್ಕೆ ಮುಗಿಯಿತೆಂದು ಆತ ತಿಳಿದಿರಬೇಕು. ಮರುದಿನ ರಜೆ ಹಾಕಿ, ಸಾವಂತ್ರವ್ವನನ್ನೂ ಉಳಿದಿಬ್ಬರನ್ನೂ ಕರೆದುಕೊಂಡು ಹೋಗಿ, ಯಶೋಧರಾ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅವನ ಮೇಲೆ ದೂರು ಕೊಟ್ಟು ಬಂದಳು.